ಯಾರ್ಕ್‌ಶೈರಿನಲ್ಲಿ ಹಳು ನುಗ್ಗಿದ್ದು

ನವೆಂಬರಿನಲ್ಲಿ ನಮ್ಮನೆಯವರು ರಾತ್ರಿ ಮನೆಯಲ್ಲಿ ಮಲಗುವುದಿಲ್ಲ. ಗದ್ದೆ ಅಂಚಿನ ಮಾಳದಲ್ಲಿ, ಅಂದರೆ ಬೆಳೆ ಕಾಯುವ ಅಟ್ಟಣೆಯಲ್ಲಿ ಮಲಗುತ್ತಾರೆ. ಮಲಗುತ್ತಾರೆ ಅನ್ನುವುದೂ ಸುಳ್ಳು, ಕೂತಿರುತ್ತಾರೆ. ಕಂಬಳಿ, ಟಾರ್ಚು, ಬಡಿಯೋಕೆ ಒಂದು ಖಾಲಿ ಎಣ್ಣೆ ಡಬ್ಬ, ಒಂದು ಕಟ್ಟು ಗರ್ನಾಲು. ಭತ್ತ ಹಾಲು ತುಂಬಿದ ದಿನದಿಂದ ಕೊಯ್ಲಿನ ತನಕ ಇದೇ ಸಂಸಾರ. ತೀರ್ಥಹಳ್ಳಿ ಕಡೆ ಗದ್ದೆ ಇಟ್ಟುಕೊಂಡವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಒಂದು ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಬೆಳಿಗ್ಗೆ ಗದ್ದೆಯಲ್ಲಿ ಯಾರೋ ಚಾಪೆ ಹಾಸಿದ ಹಾಗಿರುತ್ತದೆ. ಕಾಡುಹಂದಿ ತಿನ್ನುವುದು ಸ್ವಲ್ಪ. ಹೊರಳಾಡಿ ಹಾಳು ಮಾಡುವುದೇ ಜಾಸ್ತಿ.

ಹೋದ ವರ್ಷ ಆ ಹೊತ್ತಿಗೆ ನಾನು ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆ ಇಂಗ್ಲೆಂಡಿಗೆ ಹೋಗಿದ್ದೆ. ಉತ್ತರ ಯಾರ್ಕ್‌ಶೈರಿನ ಒಂದು ಹಳ್ಳಿ. ಅಲ್ಲಿ ರಾತ್ರಿ ಒಂಬತ್ತಕ್ಕೆ ಪಾತ್ರೆ ತೊಳೆದು ಫೋನ್ ಹಿಡಿದರೆ ಇಲ್ಲಿ ಎರಡೂವರೆ. ಅವರು ಎಚ್ಚರವಾಗಿಯೇ ಇರುತ್ತಿದ್ದರು. "ಹ್ಞೂಂ, ಹೇಳು" ಅನ್ನುವಷ್ಟರಲ್ಲಿ ಢಂ ಅಂತ ಒಂದು ಸದ್ದು. "ಏನಿಲ್ಲ, ಗರ್ನಾಲು ಹಚ್ಚಿದೆ. ಕೂಸು ಹಾಲು ಕುಡೀತಾ?" ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಮಾಳದಲ್ಲಿ ಸಿಗುತ್ತದೆ. ಹಾಗಾಗಿ ಮೊಮ್ಮಗಳ ಮೊದಲ ಫೋಟೋವನ್ನು ಅಜ್ಜ ನೋಡಿದ್ದು ಹಂದಿ ಕಾಯುತ್ತಾ.

ಮಗಳ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಹೆಂಗಸು. ಗಂಡ ತೀರಿಕೊಂಡಿದ್ದಾರೆ. ಇಬ್ಬರೂ ಸೇರಿ ಗೇಣಿ ಜಮೀನಿನಲ್ಲಿ ಕುರಿ, ದನ ಸಾಕಿ ಬದುಕಿದವರು. ಈಗ ಜೊತೆಗಿರುವುದು ಮೆಗ್ ಅನ್ನುವ ಕಪ್ಪು ಲ್ಯಾಬ್ರಡಾರ್ ನಾಯಿ. ಅವರ ಹೆಸರು ಬರೆಯುವುದು ಬೇಡ, ಮನೆಯೊಳಗೆ ನಾವು ಕರೆಯುತ್ತಿದ್ದದ್ದು ನಾಯಿಯಮ್ಮ ಅಂತ. ಅವರು ನನ್ನನ್ನು ಕರೆಯುತ್ತಿದ್ದದ್ದು "ಲವ್". ಮೊದಲ ದಿನ ನನಗೆ ನಾಚಿಕೆಯಾಯಿತು. ಆಮೇಲೆ ನೋಡಿದರೆ ಬಸ್ಸಿನ ಡ್ರೈವರ್, ಅಂಗಡಿಯ ಹುಡುಗಿ ಎಲ್ಲರೂ ಎಲ್ಲರನ್ನೂ ಹಾಗೇ ಕರೆಯುತ್ತಾರೆ. ನಮ್ಮ "ಮಾರಾಯ" ಇದ್ದ ಹಾಗೆ.

ನವೆಂಬರ್ ಕೊನೆಯ ವಾರ ನಾಯಿಯಮ್ಮ ಬಾಗಿಲು ತಟ್ಟಿದರು. ಶನಿವಾರ ಹತ್ತಿರದ ಎಸ್ಟೇಟಿನಲ್ಲಿ ಫೆಸೆಂಟ್ ಬೇಟೆಯಂತೆ. ಕಾಡಿಂದ ಹಕ್ಕಿ ಎಬ್ಬಿಸೋಕೆ ಜನ ಕಡಿಮೆಯಂತೆ. "ನಿನಗೆ ನಡೆಯೋಕೆ ಆಗುತ್ತಾ?" ಅಂತ ಕೇಳಿದರು. ಗುಡ್ಡ ಹತ್ತಿ ಸೊಪ್ಪಿನ ಹೊರೆ ಹೊತ್ತು ತಂದವಳಿಗೆ ಕೇಳುವ ಮಾತಾ ಇದು! ಮಗಳು, "ಹೋಗಮ್ಮ, ಇಪ್ಪತ್ತು ದಿನದಿಂದ ಒಲೆ ಮುಂದೆ ನಿಂತಿದ್ದೀಯ" ಅಂದಳು. ಅಳಿಯ ಮಾತ್ರ, "ಸಂಬಳ ಗಿಂಬಳ ಏನೂ ತಗೋಬೇಡಿ ಅತ್ತೆ, ವಿಸಿಟರ್ ವೀಸಾದಲ್ಲಿ ದುಡಿಯೋ ಹಾಗಿಲ್ಲ" ಅಂತ ಎರಡು ಸಲ ಹೇಳಿದರು.

ಮಗಳ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕಿ, ಅಳಿಯನ ಮಳೆಕೋಟು ಹಾಕಿಕೊಂಡು ಹೋದೆ. ಎಂಟೂವರೆಗೆ ಎಸ್ಟೇಟಿನ ಕಣದಂಥ ಅಂಗಳದಲ್ಲಿ ಎರಡು ಗುಂಪು. ಒಂದು ಕಡೆ ಎಂಟು ಜನ ಕೋವಿಯವರು. ಮೈಗೆ ಒಪ್ಪುವ ಉಣ್ಣೆ ಕೋಟು, ಮಂಡಿ ತನಕ ಚಡ್ಡಿ, ಟೈ. ಇನ್ನೊಂದು ಕಡೆ ನಾವು, ಇಪ್ಪತ್ತು ಜನ. ಕಾಲೇಜು ಹುಡುಗರು, ರಿಟೈರಾದ ಪೋಸ್ಟ್‌ಮನ್, ಅರ್ಧದಷ್ಟು ಹೆಂಗಸರು. ಕೈಗೊಂದು ಕೋಲು, ಇಲ್ಲಾ ಕೋಲಿಗೆ ಕಟ್ಟಿದ ಬಾವುಟ. ಬಾವುಟ ಅಂದರೆ ದನದ ಹಿಂಡಿ ಬರುವ ಪ್ಲಾಸ್ಟಿಕ್ ಚೀಲ ಕತ್ತರಿಸಿದ್ದು. ಬೀಸಿದರೆ ಪಟಪಟ ಅನ್ನುತ್ತದೆ. ನನಗೆ ಬಾವುಟವೇ ಸಿಕ್ಕಿತು.

ಕೋವಿಯವರು ಚೀಟಿ ಎತ್ತಿ ನಂಬರು ಹಂಚಿಕೊಂಡರು. ಒಂದರಿಂದ ಎಂಟು. ಕಾಡಿನ ಆಚೆ, ಬಯಲಿನಲ್ಲಿ ಸಾಲಾಗಿ ಗೂಟ ನೆಟ್ಟಿರುತ್ತಾರೆ. ಅವರವರ ನಂಬರಿನ ಗೂಟದ ಹತ್ತಿರ ಅವರವರು ನಿಲ್ಲಬೇಕು. ಪ್ರತಿ ಸುತ್ತಿಗೂ ಎರಡೆರಡು ಗೂಟ ಜರುಗಬೇಕು, ಒಳ್ಳೆ ಜಾಗ ಒಬ್ಬನಿಗೇ ಸಿಗಬಾರದು ಅಂತ. ನಾಯಿಯಮ್ಮ ಇದನ್ನೆಲ್ಲ ನಿಧಾನಕ್ಕೆ ಹೇಳುತ್ತಿದ್ದರು, ನಾನು ಒಳಗೊಳಗೇ ನಗುತ್ತಿದ್ದೆ. ಇದು ಬಿಲ್ಲಲ್ವಾ!

ಮಲೆನಾಡಿನವರಲ್ಲದವರಿಗೆ ಹೇಳಬೇಕು. ಹಳು ಅಂದರೆ ಪೊದೆಗಾಡು. ಹಳು ನುಗ್ಗುವವರು ಒಂದು ಕಡೆಯಿಂದ ಕೂಗುತ್ತಾ, ಬಡಿಯುತ್ತಾ, ನಾಯಿ ಬಿಟ್ಟುಕೊಂಡು ಬರುತ್ತಾರೆ. ಪ್ರಾಣಿ ಓಡಿ ಬರುವ ಕಂಡಿಗಳಲ್ಲಿ ಕೋವಿಯವರು ಸದ್ದಿಲ್ಲದೆ ಕಾದು ನಿಲ್ಲುತ್ತಾರೆ. ಆ ಜಾಗಕ್ಕೆ ಬಿಲ್ಲು ಅನ್ನುತ್ತೇವೆ. ನಾನು ಚಿಕ್ಕವಳಿದ್ದಾಗ ಅಪ್ಪ ಬಿಲ್ಲಿಗೆ ನಿಲ್ಲುತ್ತಿದ್ದರು. ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇದ್ದ ಕೇಪಿನ ಕೋವಿ. 1972ರಲ್ಲೇ ವನ್ಯಜೀವಿ ಕಾಯ್ದೆ ಬಂದಿತ್ತು. ಆದರೆ ಅದು ಘಟ್ಟದ ರಸ್ತೆ ಹತ್ತಿ ನಮ್ಮೂರಿನ ತನಕ ಬಂದು ಮುಟ್ಟೋಕೆ ಸುಮಾರು ವರ್ಷ ಹಿಡಿಯಿತು. ಹೆಂಗಸರು ಬೇಟೆಯ ಹತ್ತಿರ ಸುಳಿಯುವ ಹಾಗಿರಲಿಲ್ಲ. ಕೋವಿ ದಾಟಬಾರದು, ಹೋಗುವಾಗ ಎದುರು ಬರಬಾರದು, "ಎಲ್ಲಿಗೆ" ಅಂತ ಕೇಳಬಾರದು. ನಮ್ಮ ಕೆಲಸ ಏನಿದ್ದರೂ ಸಂಜೆ ಮೇಲೆ, ಮಸಾಲೆ ಅರೆಯುವುದು. ಐವತ್ತೆಂಟನೇ ವಯಸ್ಸಿಗೆ, ಅದೂ ಸೀಮೆ ದಾಟಿ ಬಂದು, ಹಳು ನುಗ್ಗೋ ಭಾಗ್ಯ ನನಗೆ ಬಂತು ನೋಡಿ.

ಎಸ್ಟೇಟಿನ ಕೀಪರ್ ಮೂವತ್ತರ ಹುಡುಗ. ಬೇಟೆಹಕ್ಕಿ ಸಾಕುವುದು, ಕಾಯುವುದು, ಆ ದಿನ ಎಲ್ಲರನ್ನೂ ನಡೆಸುವುದು ಅವನ ಕೆಲಸ. ಫೆಸೆಂಟ್ ಅಲ್ಲಿನ ಕಾಡಿನ ಹಕ್ಕಿಯೇ ಅಲ್ಲ, ಹಿಂದೆ ಯಾವಾಗಲೋ ಏಷ್ಯಾ ಕಡೆಯಿಂದ ಬಂದದ್ದು. ನಮ್ಮ ಕಾಡುಕೋಳಿಯ ದಾಯಾದಿ. ಈಗ ವರ್ಷಕ್ಕೆ ಕೋಟಿಗಟ್ಟಲೆ ಮರಿ ಮಾಡಿಸಿ ಬಿಡುತ್ತಾರೆ. ಆರೇಳು ವಾರದ ಮರಿಗಳನ್ನು ಬೇಸಿಗೆಯಲ್ಲಿ ತಂದು ಕಾಡಿನೊಳಗೆ ಬಲೆಬೇಲಿಯಲ್ಲಿ ಇಡುತ್ತಾರೆ. ದಿನಾ ಗೋಧಿ. ಅವುಗಳಿಗೆ ಅವಿತುಕೊಳ್ಳೋಕೆ ಅಂತಲೇ ಗದ್ದೆಯಂಚಿಗೆ ಮುಸುಕಿನ ಜೋಳದ ಪಟ್ಟಿ ಬಿತ್ತುತ್ತಾರೆ. ನರಿ ಬಾರದ ಹಾಗೆ ರಾತ್ರಿ ಕಾಯುತ್ತಾರೆ. ಅಕ್ಟೋಬರ್ 1ರಿಂದ ಫೆಬ್ರವರಿ 1ರ ತನಕ ಹೊಡೆಯುತ್ತಾರೆ. ಕೀಪರ್ ಮಾತಾಡುವಾಗ ನನಗೆ ನಮ್ಮೂರ ಕೋಳಿ ಫಾರಂ ನೋಡಿಕೊಳ್ಳುವ ಹುಡುಗನ ನೆನಪಾಯಿತು. ಅದೇ ಲೆಕ್ಕ. ಎಷ್ಟು ತಂದೆ, ಎಷ್ಟು ಸತ್ತವು, ಔಷಧಿಗೆ ಎಷ್ಟು.

ಮೊದಲ ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಸೀಟಿ ಊದಿದ ಮೇಲೆ ಸಾಲು ಹೊರಡಬೇಕು. ಅಕ್ಕಪಕ್ಕದವರಿಗೆ ಹತ್ತು ಹದಿನೈದು ಮಾರು ದೂರ. ಸಾಲು ಮುರಿಯಬಾರದು. ಕೋಲಿಂದ ಮರಕ್ಕೆ ಟಕ್ ಟಕ್ ಅಂತ ತಟ್ಟುತ್ತಾ ನಡೆಯಬೇಕು, ಅಷ್ಟೇ. ಓಡಬಾರದು, ಕೂಗಬಾರದು. ಹಣ್ಣಾದ ಜರಿಗಿಡ ಮೊಣಕಾಲಿನ ತನಕ, ಬ್ಲಾಕ್‌ಬೆರಿ ಮುಳ್ಳು ಕೋಟು ಹಿಡಿದು ಎಳೆಯುತ್ತಿತ್ತು. ಆ ಮುಳ್ಳಿಗೆ ನಮ್ಮ ಕಾರೆಮುಳ್ಳಿನಷ್ಟು ಕಸುವಿಲ್ಲ. ಹಕ್ಕಿಗಳು ಮುಂದೆ ಮುಂದೆ ಓಡುತ್ತವೆ. ಫೆಸೆಂಟಿಗೂ ನಮ್ಮ ಕಾಡುಕೋಳಿಯ ಹಾಗೆ ಹಾರೋದು ಅಂದರೆ ಸೋಮಾರಿತನ. ಕಾಲಿದ್ದಷ್ಟೂ ಓಡಿ, ಕಾಡು ಮುಗಿಯುವ ಅಂಚಿನಲ್ಲಿ ಒಟ್ಟಾಗಿ ನಿಲ್ಲುತ್ತವೆ. ಅಲ್ಲಿ ನಾಜೂಕು. ಎರಡು ಮೂರು, ಎರಡು ಮೂರು ಅಂತ ಎಬ್ಬಿಸಬೇಕು. ಆಗಲೇ ಕೋವಿಯವರಿಗೆ ಮತ್ತೆ ಮತ್ತೆ ತೋಟಾ ತುಂಬಿಕೊಳ್ಳಲು ಪುರುಸೊತ್ತು.

ಮೂರನೇ ಸುತ್ತಿನಲ್ಲಿ ನಾನು ಕೆಡಿಸಿದೆ.

ಅಂಚಿಗೆ ಬಂದಿದ್ದೆವು. ಕೀಪರ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ್ದ. ಸದ್ದೇ ಇಲ್ಲ. ನನ್ನ ಮುಂದಿನ ಜರಿಗಿಡ ಅಲ್ಲಾಡಿತು. ಬಗ್ಗಿ ನೋಡಿದೆ. ಒಂದು ಹುಂಜ. ಹಸಿರು ತಲೆ, ಕೆಂಪು ಮುಖ, ಕುತ್ತಿಗೆಗೆ ಬಿಳಿ ಬಳೆ, ಮೈಯೆಲ್ಲ ತಾಮ್ರದ ಕೊಡ ತಿಕ್ಕಿಟ್ಟ ಹಾಗೆ. ಅದು ನನ್ನನ್ನೇ ನೋಡಿತು. ನೋಡಿದ್ದೇ ತಲೆ ತಗ್ಗಿಸಿ ಸರ್ರನೆ ನನ್ನ ಎರಡೂ ಬೂಟಿನ ನಡುವೆ ನುಗ್ಗಿತು! ನನಗೆ ಗೊತ್ತಿಲ್ಲದೇ ಬಾಯಿಂದ ಬಂತು. "ಅಯ್ಯಯ್ಯೋ ಹೋಯ್ತು ಹೋಯ್ತು, ಹಿಡೀರೋ, ಹೂಯ್!" ಬಾವುಟವನ್ನೂ ಬೀಸಿದೆನಂತೆ. ಐವತ್ತು ವರ್ಷ ಹಿಂದೆ ಹಿತ್ತಲಿನಲ್ಲಿ ನಿಂತು ಕೇಳಿಸಿಕೊಂಡ ಹಳುವಿನ ಕೂಗು, ಎಲ್ಲಿತ್ತೋ ಏನೋ.

ಇಡೀ ಕಾಡು ಎದ್ದಿತು. ನೂರಕ್ಕೂ ಹೆಚ್ಚು ಹಕ್ಕಿ ಒಂದೇ ಸಲ, ತಗಡಿನ ಮಾಡಿನ ಮೇಲೆ ಕಲ್ಲು ಸುರಿದ ಹಾಗೆ ರೆಕ್ಕೆ ಬಡಿಯುತ್ತಾ. ಕೋವಿಯವರು ಎರಡೆರಡು ಈಡು ಹೊಡೆದು, ಮತ್ತೆ ತುಂಬುವಷ್ಟರಲ್ಲಿ ತಲೆ ಮೇಲಿಂದ ಎಲ್ಲವೂ ಆಚೆ ಗುಡ್ಡಕ್ಕೆ. ಬಿದ್ದದ್ದು ಹತ್ತೋ ಹನ್ನೆರಡೋ. ಕೀಪರ್ ನನ್ನ ಕಡೆ ತಿರುಗಿ ನೋಡಿದ. ಬೈಯಲಿಲ್ಲ. ಅವನ ಜಾಗದಲ್ಲಿ ನಮ್ಮ ಅಪ್ಪ ಇದ್ದಿದ್ದರೆ ಮೂರು ದಿನ ಊಟಕ್ಕೆ ಕರೆಯುತ್ತಿರಲಿಲ್ಲ. ಸಾಲಿನಲ್ಲಿದ್ದ ಪೋಸ್ಟ್‌ಮನ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಾ, ನನ್ನ ಕೂಗು ಸ್ಕಾಟ್ಲೆಂಡಿಗೆ ಕೇಳಿಸಿರಬೇಕು ಅಂದ.

ಆಮೇಲಿಂದ ನನ್ನನ್ನು ಮೂಲೆಯಲ್ಲಿ ಸುಮ್ನೆ ನಿಲ್ಲುವ ಕೆಲಸಕ್ಕೆ ಹಾಕಿದರು. ಅದಕ್ಕೆ ಸ್ಟಾಪ್ ಅನ್ನುತ್ತಾರೆ. ಹಕ್ಕಿ ಪಕ್ಕದಿಂದ ಓಡಿ ತಪ್ಪಿಸಿಕೊಳ್ಳದ ಹಾಗೆ ಅಲ್ಲೊಬ್ಬರು ಕೋಲು ತಟ್ಟುತ್ತಾ ನಿಂತಿರಬೇಕು. ಅಲ್ಲಿಂದ ಮೆಗ್ ಕೆಲಸ ನೋಡೋಕೆ ಸಿಕ್ಕಿತು. ಇಡೀ ದಿನದಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ಅದೊಂದೇ. ಕೋವಿಯವರಿಂದ ತುಂಬ ಹಿಂದೆ ನಾಯಿಯಮ್ಮ ನಿಂತಿರುತ್ತಾರೆ. ಪೆಟ್ಟಾಗಿ ದೂರ ಹೋಗಿ ಬಿದ್ದ ಹಕ್ಕಿಯನ್ನು ನಾಯಿ ಹುಡುಕಿ ತರಬೇಕು. ಸೀಟಿ ಒಂದು ಊದಿದರೆ ಕೂರುತ್ತದೆ. ಕೈ ಎಡಕ್ಕೆ ಚಾಚಿದರೆ ಎಡಕ್ಕೆ. ಹಕ್ಕಿ ಬಾಯಲ್ಲಿಟ್ಟುಕೊಂಡು ಬಂದು ಅವರ ಅಂಗೈಗೆ ಕೊಡುತ್ತದೆ, ಹಲ್ಲಿನ ಗುರುತೂ ಇರುವುದಿಲ್ಲ. ನಮ್ಮ ಅಪ್ಪನ ಕಾಳ ಅನ್ನುವ ನಾಯಿ ಮೊಲ ಹಿಡಿದರೆ ಅರ್ಧ ಮೊಲ ತರುತ್ತಿತ್ತು.

ಮಧ್ಯಾಹ್ನ ಕೋವಿಯವರಿಗೆ ದೊಡ್ಡ ಮನೆಯೊಳಗೆ ಊಟ. ನಮಗೆ ಕೊಟ್ಟಿಗೆಯಲ್ಲಿ, ಹುಲ್ಲಿನ ಪಿಂಡಿಗಳ ಮೇಲೆ ಕೂತು, ಫ್ಲಾಸ್ಕಿನ ಟೀ ಮತ್ತು ಮಾಂಸ ತುಂಬಿದ ಕಡುಬಿನಂಥದ್ದು. ಬೇಜಾರೇನೂ ಆಗಲಿಲ್ಲ. ನಮ್ಮ ಮನೆಗಳಲ್ಲೂ ಧಣಿಗಳು ಜಗಲಿಯಲ್ಲಿ, ಆಳುಗಳು ಅಂಗಳದಲ್ಲಿ ಕೂತು ಉಂಡವರೇ. ಆದರೆ ಒಂದು ಹೇಳಬೇಕು. ಬೇಟೆಯ ಮಾಂಸದಲ್ಲಿ ಮಾತ್ರ ನಮ್ಮೂರಲ್ಲಿ ತಲೆಗೊಂದು ಪಾಲು. ಬಾಳೆಲೆ ಹಾಸಿ ಗುಡ್ಡೆ ಹಾಕುತ್ತಿದ್ದರು. ಹೊಡೆದವನಿಗೆ ಒಂದು ಹೆಚ್ಚು, ಕೋವಿಗೆ ಒಂದು, ನಾಯಿಗೊಂದು. ಉಳಿದದ್ದು ಗೌಡನಿಗೂ ಹಳುವಿನವನಿಗೂ ಒಂದೇ ಅಳತೆ. ಅಲ್ಲಿ ಹಾಗಲ್ಲ. ಹಕ್ಕಿ ಎಸ್ಟೇಟಿನದ್ದು. ದುಡ್ಡು ಕೊಟ್ಟು ಹೊಡೆದವನಿಗೂ ಸಂಜೆ ಒಂದು ಜೊತೆ, ಉಳಿದದ್ದು ವ್ಯಾಪಾರಿಗೆ. ಒಂದು ಹಕ್ಕಿ ಹೊಡೆಯೋಕೆ ನಲವತ್ತು ಪೌಂಡಿನ ಮೇಲೆ ಕೊಡುತ್ತಾರೆ ಅಂತ ಪೋಸ್ಟ್‌ಮನ್ ಹೇಳಿದ. ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಗೂ ಜಾಸ್ತಿ! ಅದೇ ಹಕ್ಕಿ ವ್ಯಾಪಾರಿಗೆ ಹೋಗುವಾಗ ಟೀ ಕಾಸೂ ಗಿಟ್ಟುವುದಿಲ್ಲ. ಇದಕ್ಕೆ ಅವರಲ್ಲೊಂದು ಹಳೇ ಮಾತಿದೆ. ಏಳುವಾಗ ಒಂದು ಗಿನಿ, ಢಂ ಅನ್ನುವಾಗ ಒಂದೂವರೆ ಪೆನ್ನಿ, ಬೀಳುವಾಗ ಅರ್ಧ ಕ್ರೌನು. ಗಿನಿ ಅಂದರೆ 21 ಷಿಲಿಂಗ್, ಅರ್ಧ ಕ್ರೌನು ಎರಡೂವರೆ ಷಿಲಿಂಗ್. ಅಡಿಕೆ ಬೆಳೆದವಳಿಗೆ ಈ ಲೆಕ್ಕ ತಲೆಗೆ ಹತ್ತಲೇ ಇಲ್ಲ.

ಕೊಟ್ಟಿಗೆಯಲ್ಲಿ ನಾಯಿಯಮ್ಮ ಹೇಳಿದ ಇನ್ನೊಂದು ಸಂಗತಿ ಮಾತ್ರ ಚೆನ್ನಾಗಿ ಹತ್ತಿತು. ಅವರು ಉಳುತ್ತಿದ್ದ ಜಮೀನು ಗೇಣಿಯದ್ದು ಅಂದೆನಲ್ಲ. ಉಳುವ ಹಕ್ಕು ಇವರದ್ದು, ಅದೇ ಹೊಲದ ಮೇಲೆ ಫೆಸೆಂಟ್ ಹೊಡೆಯುವ ಹಕ್ಕು ಧಣಿಯದ್ದು. ಅಲ್ಲಿ ಬೇಟೆಯ ಹಕ್ಕನ್ನು ನೆಲದಿಂದ ಬಿಡಿಸಿ ಬೇರೆಯಾಗಿ ಮಾರಬಹುದು, ಬಾಡಿಗೆಗೆ ಕೊಡಬಹುದು. ನನಗೆ ತಕ್ಷಣ ನಮ್ಮ ಸೊಪ್ಪಿನಬೆಟ್ಟ ನೆನಪಾಯಿತು. ಸೊಪ್ಪು ನಮ್ಮದು, ಮರ ಸರ್ಕಾರದ್ದು. ಅದನ್ನು ಅವರಿಗೆ ವಿವರಿಸೋಕೆ ನನ್ನ ಇಂಗ್ಲಿಷ್ ಪೂರ್ತಿ ಖರ್ಚಾಯಿತು.

ಹಿಂದೆ ಇನ್ನೂ ಕಷ್ಟವಿತ್ತಂತೆ. ಬೆಳೆಯನ್ನು ಮೊಲ ತಿಂದು ಹೋದರೂ ಎಷ್ಟೋ ಕಡೆ ಗೇಣಿದಾರ ಅದನ್ನು ಮುಟ್ಟುವ ಹಾಗಿರಲಿಲ್ಲ. ಮೊಲವೂ ಧಣಿಯ ಬೇಟೆಗೆ ಅಂತ ಗೇಣಿಪತ್ರದಲ್ಲೇ ಬರೆದಿರುತ್ತಿತ್ತು. 1880ರಲ್ಲಿ ಒಂದು ಕಾನೂನು ಬಂತು. ತಾನು ಉಳುವ ಜಮೀನಿನಲ್ಲಿ ಮೊಲ ಹೊಡೆಯುವ ಹಕ್ಕು ರೈತನಿಗೆ ಸಿಕ್ಕಿತು. ಧಣಿ ಒತ್ತಾಯ ಮಾಡಿ ಬರೆಸಿಕೊಂಡರೂ ಆ ಹಕ್ಕು ಹೋಗುವುದಿಲ್ಲ. ಮುತ್ತಾತನ ಕಾಲದ ಆ ಇಸವಿಯನ್ನು ನಾಯಿಯಮ್ಮ ನಮ್ಮವರು ಭೂಸುಧಾರಣೆ ಬಗ್ಗೆ ಮಾತಾಡುವ ಹಾಗೆ ಹೇಳಿದರು.

ನಿಮ್ಮಲ್ಲಿ ಹೇಗೆ ಅಂತ ಕೇಳಿದರು. ಹೇಳಿದೆ. ಹಂದಿ ಗದ್ದೆಗೆ ಬಂದರೆ ಓಡಿಸಬಹುದು, ಸರ್ಕಾರದ ಅನುಮತಿ ಇಲ್ಲದೆ ಹೊಡೆಯುವ ಹಾಗಿಲ್ಲ. ಅಪ್ಪನ ಕೋವಿ ಈಗ ನನ್ನ ತಮ್ಮನ ಹೆಸರಿನಲ್ಲಿದೆ, ಚುನಾವಣೆ ಬಂದಾಗಲೆಲ್ಲ ಸ್ಟೇಷನ್ನಿಗೆ ಕೊಟ್ಟು ಬರಬೇಕು. ಪರಿಹಾರಕ್ಕೆ ಅರ್ಜಿ ಬರೆದು ಬರೆದು ನನ್ನ ಅಕ್ಷರ ದುಂಡಗಾಗಿದೆ. ನಾಯಿಯಮ್ಮ ಟೀ ಹೀರುತ್ತಾ, "ಹಾಗಾದರೆ ನಿಮಗಿನ್ನೂ 1880 ಬಂದಿಲ್ಲ" ಅಂದರು.

ಆ ಮಾತು ನನ್ನ ತಲೆಯಲ್ಲಿ ತುಂಬ ದಿನ ಕೂತಿತ್ತು. ಹೌದು ಅನ್ನಿಸುತ್ತದೆ, ಪೂರ್ತಿ ಹೌದು ಅನ್ನೋಕೂ ಆಗುವುದಿಲ್ಲ. ನನ್ನ ಕಣ್ಣೆದುರೇ ನಮ್ಮ ಗುಡ್ಡದಿಂದ ಕಡವೆ ಹೋಯಿತು, ಕಾಡುಕುರಿ ಹೋಯಿತು. ಎಲ್ಲವೂ ಬೆಳೆ ಕಾಯೋಕೆ ಅಂತ ಹೊಡೆದದ್ದಲ್ಲ, ಬಾಯಿ ಚಪಲಕ್ಕೆ ಹೊಡೆದದ್ದೇ ಜಾಸ್ತಿ. ಮನೆಗೊಂದು ಕೋವಿ ಕೊಟ್ಟರೆ ನಾಳೆ ಏನಾಗುತ್ತದೆ ಅಂತ ಅಪ್ಪನ ಮಗಳಾಗಿ ನನಗೆ ಗೊತ್ತು. ಹೊಡೆಯುವ ಹಾಗಿಲ್ಲ ಅಂದರೂ ಜನ ಸುಮ್ಮನಿದ್ದಾರಾ? ಹಂದಿಗೆ ಅಂತ ಉರುಳು ಇಡುತ್ತಾರೆ. ಅದಕ್ಕೆ ಊರ ನಾಯಿ ಬೀಳುತ್ತದೆ, ಒಮ್ಮೊಮ್ಮೆ ಚಿರತೆಯೂ ಬೀಳುತ್ತದೆ. ಇಂಗ್ಲೆಂಡಿನಲ್ಲಿ ಹಂದಿಯೇ ಇಲ್ಲ ಅಂದುಕೊಂಡಿದ್ದೆ. ಇದೆಯಂತೆ. ನೂರಾರು ವರ್ಷ ಹಿಂದೆಯೇ ನಿರ್ನಾಮವಾಗಿದ್ದದ್ದು ಫಾರಂಗಳಿಂದ ತಪ್ಪಿಸಿಕೊಂಡು ಡೀನ್ ಕಾಡಿನಲ್ಲಿ ಮತ್ತೆ ಸಂಸಾರ ಹೂಡಿದೆ. ಹುಲ್ಲುಹಾಸು, ರಸ್ತೆ ಬದಿ ಎಲ್ಲ ಅಗೆದುಹಾಕುತ್ತಿದೆಯಂತೆ. ಬೇಕಿದ್ದರೆ ಇನ್ನೊಂದಷ್ಟು ಕಳಿಸಿಕೊಡ್ತೀವಿ ಅಂದೆ.

ರಾತ್ರಿ ಮಾಳಕ್ಕೆ ಫೋನ್ ಮಾಡಿ ಎಲ್ಲ ಒದರಿದೆ. ಅವರು ತಾಳ್ಮೆಯಿಂದ ಕೇಳಿದರು. "ಅಂದರೆ ಗೋಧಿ ಹಾಕಿ ಸಾಕಿ, ಆಮೇಲೆ ಕಾಡಿಂದ ಎಬ್ಬಿಸಿ ಹೊಡೀತಾರಾ?"

"ಹೌದು ರೀ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಡಬ್ಬ ಬಡಿದ ಸದ್ದು. "ನಾವೂ ಭತ್ತ ಹಾಕಿ ಸಾಕ್ತಾ ಇದ್ದೀವಲ್ಲ ಮಾರಾಯ್ತಿ. ಹೊಡಿಯೋದೊಂದು ಬಾಕಿ."

ನನ್ನ ಪಾಲಿಗೆ ಸಿಕ್ಕ ಒಂದು ಜೊತೆ ಹಕ್ಕಿಯನ್ನು ನಾಲ್ಕೈದು ದಿನ ರೆಕ್ಕೆಪುಕ್ಕದ ಸಮೇತ ತಂಪಿನಲ್ಲಿ ನೇತುಹಾಕು, ರುಚಿ ಏರುತ್ತದೆ ಅಂತ ನಾಯಿಯಮ್ಮ ಹೇಳಿದ್ದರು. ನನ್ನ ಕೈಲಾಗಲಿಲ್ಲ. ಮಾರನೇ ದಿನವೇ ಸುಲಿದು, ಊರಿಂದ ತಂದ ಸಾರಿನ ಪುಡಿ, ಕಾಳುಮೆಣಸು ಹಾಕಿ ಕೋಳಿ ಸಾರಿನ ಹಾಗೇ ಮಾಡಿದೆ. ಜೊತೆಗೆ ಅಕ್ಕಿರೊಟ್ಟಿ. ಕಡುಬು ಮಾಡೋಣ ಅಂದರೆ ಅಕ್ಕಿತರಿ ಸಿಗಲಿಲ್ಲ. ಬಾಣಂತಿಗೆ ಒಳ್ಳೇದು ಅಂತ ಬಟ್ಟಲಿಗೆ ಬಗ್ಗಿಸಿದರೆ ಮಗಳು ಮುಟ್ಟಲಿಲ್ಲ. ಸೀಸದ ಚರೆಯಿಂದ ಹೊಡೆದ ಹಕ್ಕಿಯನ್ನು ಬಸುರಿಯರು, ಚಿಕ್ಕ ಮಕ್ಕಳು ತಿನ್ನಬಾರದು ಅಂತ ಅಲ್ಲಿ ಹೇಳುತ್ತಾರಂತೆ. "ಹಾಲು ಕುಡಿಸೋಳು ನಾನೂ ತಿನ್ನಲ್ಲ." ಸರಿ, ನಾನೂ ಅಳಿಯನೂ ತಿಂದೆವು. ಮಾಂಸ ಸ್ವಲ್ಪ ಒಣ, ರುಚಿ ಪರವಾಗಿಲ್ಲ. ಎರಡನೇ ತುತ್ತಿಗೆ ದವಡೆಯಲ್ಲಿ ಕಟ್ ಅಂತು. ಚರೆ! ನಾನು ಅದನ್ನು ನಾಲಿಗೆ ತುದಿಗೆ ತಂದು ತಟ್ಟೆಯ ಅಂಚಿಗೆ ಟಣ್ ಅಂತ ಉಗಿದೆ. ಅಳಿಯ ಬೆಂಗಳೂರಿನಲ್ಲಿ ಬೆಳೆದವರು, ಗಾಬರಿಯಾದರು. ಚಿಕ್ಕಂದಿನಲ್ಲಿ ಯಾರ ತಟ್ಟೆಯಲ್ಲಿ ಎಷ್ಟು ಚರೆ ಅಂತ ನಾವು ಎಣಿಸುತ್ತಿದ್ದೆವು. ನನ್ನ ತಮ್ಮ ಒಮ್ಮೆ ಏಳು ಮಾಡಿದ್ದ.

ಕ್ರಿಸ್‌ಮಸ್ ಮಾರನೇ ದಿನ ಹತ್ತಿರದ ಪೇಟೆಯಲ್ಲಿ ನರಿಬೇಟೆಯವರು ಸೇರುತ್ತಾರೆ ಅಂತ ನೋಡೋಕೆ ಹೋಗಿದ್ದೆವು. ಕುದುರೆ, ಕೆಂಪು ಕೋಟು, ನಾಯಿಗಳ ಹಿಂಡು. ಆ ನಾಯಿಗಳನ್ನು ನಮ್ಮ ಎತ್ತಿನ ಹಾಗೆ ಜೊತೆ ಲೆಕ್ಕದಲ್ಲಿ ಎಣಿಸುತ್ತಾರೆ, ಇಷ್ಟು ಜೊತೆ ಅಂತ. ನಾಯಿ ಬಿಟ್ಟು ನರಿ ಕೊಲ್ಲುವುದು ಅಲ್ಲಿ 2005ರ ಫೆಬ್ರವರಿ 18ರಿಂದ ನಿಷೇಧ. ಈಗ ಮೊದಲೇ ಎಳೆದಿಟ್ಟ ವಾಸನೆಯ ಜಾಡು ಹಿಡಿದು ಓಡುತ್ತೇವೆ ಅನ್ನುತ್ತಾರೆ. ನೆಪ ಅಷ್ಟೇ ಅಂತ ಬೋರ್ಡು ಹಿಡಿದು ಕೂಗುವವರೂ ಅಲ್ಲೇ ಇದ್ದರು. ಮಗುವಿಗೆ ಚಳಿಯಾಗುತ್ತದೆ ಅಂತ ಹತ್ತು ನಿಮಿಷಕ್ಕೆ ವಾಪಸ್ ಬಂದೆವು.

ಜನವರಿ ಕೊನೆಗೆ ಊರಿಗೆ ಬಂದೆ. ನಾಯಿಯಮ್ಮ ಹೊರಡುವ ದಿನ ನನ್ನ ಬಾವುಟವನ್ನು ಕೋಲಿಂದ ಬಿಚ್ಚಿ, ಮಡಚಿ ಕೈಗೆ ಕೊಟ್ಟಿದ್ದರು. ಇಂಗ್ಲಿಷಿನಲ್ಲಿ ಕುರಿ ಹಿಂಡಿಯ ಹೆಸರಿರುವ ನೀಲಿ ಪ್ಲಾಸ್ಟಿಕ್ಕು. ಅದನ್ನು ಒಂದು ಅಡಿಕೆ ದಬ್ಬೆಗೆ ಕಟ್ಟಿ ತೋಟದ ಬಾಳೆಯ ಹತ್ತಿರ ನೆಟ್ಟೆ, ಮಂಗಗಳಿಗೆ. ಮೊದಲ ದಿನ ಒಂದೂ ಹತ್ತಿರ ಬರಲಿಲ್ಲ. ಎರಡನೇ ದಿನ ಆಚೆ ಹಲಸಿನ ಮರದಲ್ಲಿ ಕೂತು ನೋಡಿದವು. ಮೂರನೇ ದಿನ ನಾನು ಹೋಗುವಾಗ ಒಂದು ಮರಿ ದಬ್ಬೆಯ ತುದಿಗೆ ಹತ್ತಿ, ಬಾವುಟ ಬಾಯಿಗಿಟ್ಟು ರುಚಿ ನೋಡುತ್ತಿತ್ತು. ಅದರ ತಾಯಿ ಕೆಳಗೆ ಕೂತು ನಮ್ಮ ಪುಟ್ಟಬಾಳೆ ಸುಲಿಯುತ್ತಿತ್ತು.

ಹೂಯ್ ಅಂತ ಕೂಗಿದೆ. ತಾಯಿ ಮಂಗ ತಲೆ ಎತ್ತಿ ನೋಡಿ, ಇನ್ನೊಂದು ಹಣ್ಣು ಕಿತ್ತುಕೊಂಡಿತು.